ದೊಡ್ಡವರು ಅಳುವ ಕಾರ್ಟೂನು

ನನಗೆ ನಲವತ್ತೇಳು ವರ್ಷ. ಮನೆ ವಾಡಿಯಲ್ಲಿ, ಚಿತ್ತಾಪುರದ ಒಂದು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಹೋಗುವಾಗಲೂ ಬರುವಾಗಲೂ ಮೊಬೈಲಿನಲ್ಲಿ, ಚಿತ್ರ ಬರೆದು ಮಾಡಿದ ಸಿನಿಮಾ ನೋಡುತ್ತೇನೆ. ಕಾರ್ಟೂನು ಅಂದರೂ ನನಗೆ ಬೇಸರವಿಲ್ಲ. ಆದರೆ ಜಾರಿ ಬಿದ್ದು ನಗಿಸುವ ಜಾತಿಯವಲ್ಲ. ಮುದುಕರಾಗುವವರ, ಊರು ಬಿಡುವವರ, ಸಾಯುವವರ ಕಥೆಗಳು. ದಾರಿ ಚಿಕ್ಕದು, ಒಂದು ಸಿನಿಮಾ ಮುಗಿಯಲು ವಾರ ಹಿಡಿಯುತ್ತದೆ. ಅಳು ಬಂದರೆ ಅಳುತ್ತೇನೆ, ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ನೋಡುತ್ತೇನೆ. ಇದರಲ್ಲಿ ಮುಚ್ಚಿಡುವಂಥದ್ದು ನನಗೇನೂ ಕಂಡಿಲ್ಲ.

ನನಗೆ ಮಕ್ಕಳಿಲ್ಲ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಗೊತ್ತಾದ ಕೂಡಲೇ ಎಲ್ಲರ ಮುಖವೂ ಒಂದೇ ರೀತಿ ಮೆತ್ತಗಾಗುತ್ತದೆ. ಓಹೋ, ಅದಕ್ಕೇ ಕಾರ್ಟೂನು ನೋಡುತ್ತಾಳೆ ಎಂದು ಲೆಕ್ಕ ಹಾಕಿ ಮುಗಿಸುತ್ತಾರೆ. ಒಮ್ಮೆ ರೈಲಿನಲ್ಲಿ ಪಕ್ಕ ಕೂತ ಹೆಂಗಸೊಬ್ಬಳು ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ, ಎಷ್ಟು ಮಕ್ಕಳು ಎಂದು ವಿಚಾರಿಸಿದಳು. ಇಲ್ಲವೆಂದೆ. ತಕ್ಷಣ ಯಾವುದೋ ಮಠದ ದಾರಿ ಹೇಳತೊಡಗಿದಳು. ಯಾವ ಬಸ್ಸು, ಎಲ್ಲಿ ಇಳಿಯಬೇಕು, ಎಷ್ಟು ಸೋಮವಾರ ಹೋಗಬೇಕು, ಎಲ್ಲ. ನಲವತ್ತೇಳು ವರ್ಷದವಳಿಗೆ. ನನಗೆ ನಗು ಬಂತು, ಆಕೆ ಬಹಳ ಒಳ್ಳೆಯ ಮನಸ್ಸಿನಿಂದ ಹೇಳುತ್ತಿದ್ದಳು ಎಂದು ಸಿಟ್ಟೂ ಬಂತು.

ಸುಳ್ಳು ಹೇಳುವುದಿಲ್ಲ. ಮೂವತ್ತರ ಆಸುಪಾಸಿನಲ್ಲಿ ಕೂಸಿಗಾಗಿ ಸಾಕಷ್ಟು ಅತ್ತಿದ್ದೇನೆ. ದವಾಖಾನೆಗಳಿಗೆ ಅಲೆದೆವು, ಉಪವಾಸ ಮಾಡಿದೆ, ತಿಂಗಳು ತಿಂಗಳು ಎಣಿಸಿದೆ. ಆಮೇಲೆ ಒಂದು ದಿನ ಅದು ಮುಗಿಯಿತು. ಜನರು ಮಾತ್ರ ಅದನ್ನು ಮುಗಿಸಲು ಬಿಡಲಿಲ್ಲ. ಶಹಾಬಾದದಲ್ಲಿದ್ದ ನನ್ನ ಅಕ್ಕ ತೀರಿಕೊಂಡಳು. ತಾಯಿಯಿಲ್ಲದ ನನ್ನನ್ನು ಎಣ್ಣೆ ಹಚ್ಚಿ, ಬೈದು, ಶಾಲೆಗೆ ಕಳಿಸಿ ದೊಡ್ಡವಳನ್ನಾಗಿ ಮಾಡಿದವಳು. ಆಕೆಯನ್ನು ಕೂರಿಸಿ ವಿಭೂತಿ ಹಚ್ಚುವಾಗ ನಾನು ನೆಲಕ್ಕೆ ಬಿದ್ದು ಅತ್ತೆ. ನನ್ನ ಬೆನ್ನ ಹಿಂದೆ ಹೆಂಗಸರು ಮಾತಾಡಿಕೊಂಡದ್ದು ಕೇಳಿಸಿತು: ಪಾಪ, ಹೊಟ್ಟೆಯಲ್ಲಿ ಹುಟ್ಟಿದವರಿಲ್ಲ, ಅದಕ್ಕೇ ಇಷ್ಟು ಅಳುತ್ತಾಳೆ. ಅಕ್ಕನಿಗಾಗಿ ಅಳುವ ಹಕ್ಕೂ ನನಗಿರಲಿಲ್ಲ. ಆಮೇಲೆ ಬಹಳ ದಿನ ನಾನು ಯಾರ ಎದುರೂ ಅಳಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಒಂದು ರಜೆಯ ದಿನ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇದ್ದೆ. ಫ್ಯಾನಿನ ಗಾಳಿಯೂ ಸುಡುತ್ತಿತ್ತು. ಕಲ್ಲುಹಾಸಿನ ಮೇಲೆ ನೀರು ಚಿಮುಕಿಸಿ ಬರಿ ನೆಲದಲ್ಲಿ ಮಲಗಿ ಮೊಬೈಲು ಒತ್ತುತ್ತಿದ್ದಾಗ ಒಂದು ಕಾರ್ಟೂನು ಹತ್ತಿಕೊಂಡಿತು. ಎಲ್ಲಿಯದೋ ಸಮುದ್ರದ ಊರು. ಮೀನು ಒಣಗಿಸುವ ಕೆಲಸದ ಒಬ್ಬ ನಡುವಯಸ್ಸಿನ ಹೆಂಗಸು. ಸಮುದ್ರಕ್ಕೆ ಹೋದ ಆಕೆಯ ತಮ್ಮ ಮರಳಿ ಬಂದಿಲ್ಲ. ಅವನ ಅಂಗಿಯೊಂದನ್ನು ಒಗೆಯದೆ ಇಟ್ಟುಕೊಂಡಿದ್ದಾಳೆ. ಒಂದು ದಿನ ಗಡಿಬಿಡಿಯಲ್ಲಿ ಅದು ಬೇರೆ ಬಟ್ಟೆಗಳ ಜೊತೆ ನೀರಿಗೆ ಬೀಳುತ್ತದೆ. ಆಕೆ ಎದೆ ಬಡಿದುಕೊಳ್ಳುವುದಿಲ್ಲ, ಒಂದು ಮಾತೂ ಆಡುವುದಿಲ್ಲ. ಅಂಗಿಯನ್ನು ಹಗ್ಗದ ಮೇಲೆ ಹಾಕಿ, ಅದು ಒಣಗುವವರೆಗೆ ಕೆಳಗೆ ಕೂತಿರುತ್ತಾಳೆ. ಒಣಗಿದ ಮೇಲೆ ಮೂಸಿ ನೋಡಿ ಮಡಚಿಡುತ್ತಾಳೆ. ಅಷ್ಟೇ. ಹಳೆಯ ಸೀರೆಗಳಿಂದ ಅಕ್ಕ ಹೊಲಿದ ಕೌದಿ ನಮ್ಮ ಟ್ರಂಕಿನಲ್ಲಿತ್ತು, ನಾನದನ್ನು ಒಗೆದಿರಲಿಲ್ಲ. ಆ ಮಧ್ಯಾಹ್ನ ನಾನು ನೆಲ ಒದ್ದೆಯಾಗುವ ಹಾಗೆ ಅತ್ತೆ. ಇದು ಯಾರಿಗಾಗಿ ಎಂದು ತೀರ್ಪು ಕೊಡಲು ಹಿಂದೆ ಯಾರೂ ಇರಲಿಲ್ಲ.

ಅಂದಿನಿಂದ ಈ ಗೀಳು ಹತ್ತಿತು, ಆರು ವರ್ಷವಾಯಿತು, ಬಿಟ್ಟಿಲ್ಲ. ನಿಜವಾದ ಮನುಷ್ಯರ ಸಿನಿಮಾ ಯಾಕೆ ನೋಡಬಾರದು ಎಂದು ಕಚೇರಿಯಲ್ಲಿ ಕೇಳುತ್ತಾರೆ. ನೋಡಿದ್ದೇನೆ ಸ್ವಾಮಿ, ಬೇಕಾದಷ್ಟು ನೋಡಿದ್ದೇನೆ. ಹೀರೋಯಿನ್ ಕ್ಯಾನ್ಸರಾಗಿ ಸಾಯುತ್ತಾಳೆ, ನಾವು ಗೊಳೋ ಎಂದು ಅಳುತ್ತೇವೆ, ಜಾಹೀರಾತು ಬರುತ್ತದೆ, ಅದೇ ಹೀರೋಯಿನ್ ಸೋಪು ಹಚ್ಚಿಕೊಂಡು ನಗುತ್ತಿರುತ್ತಾಳೆ. ಚಿತ್ರವಾಗಿ ಬರೆದ ಹೆಂಗಸು ಹಾಗೆ ಮೋಸ ಮಾಡುವುದಿಲ್ಲ. ಆಕೆಗೆ ಆ ಸಿನಿಮಾದ ಹೊರಗೆ ಬೇರೆ ಬದುಕೇ ಇಲ್ಲ. ಸತ್ತರೆ ಸತ್ತಳು. ಮತ್ತೆ, ಬರೆದದ್ದರಲ್ಲಿ ತಾನಾಗಿ ಬಂದು ಸೇರಿದ್ದು ಏನೂ ಇರುವುದಿಲ್ಲ. ಚಹಾದ ಲೋಟದ ಮೇಲಿನ ಹಬೆ, ಹರಿದ ಪರದೆ, ಮುದುಕಿಯ ಹಿಮ್ಮಡಿಯ ಬಿರುಕು, ಎಲ್ಲವನ್ನೂ ಯಾರೋ ಒಬ್ಬರು ಕೂತು, ಇದು ಬೇಕು ಎಂದು ಬರೆದಿರುತ್ತಾರೆ. ನನ್ನ ಹಿಮ್ಮಡಿಯನ್ನು ಇದುವರೆಗೆ ಯಾರೂ ಅಷ್ಟು ಲಕ್ಷ್ಯ ಕೊಟ್ಟು ನೋಡಿಲ್ಲ. ಅಂಥ ಸಿನಿಮಾ ಮಕ್ಕಳಿಗೆ ಏನು ತಿಳಿಯಬೇಕು? ಅವಕ್ಕೆ ಕಳೆದುಕೊಳ್ಳುವುದು ಅಂದರೆ ಪೆನ್ಸಿಲು.

ನನ್ನ ಗಂಡ ಶಹಾಬಾದದಲ್ಲಿ ಕಲ್ಲಿಗೆ ಪಾಲಿಶ್ ಮಾಡುವ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ನಾನು ನೋಡುತ್ತಿದ್ದರೆ ಟಿವಿಯ ದನಿ ತಗ್ಗಿಸುತ್ತಿದ್ದರು, ಅತ್ತರೆ ಎದ್ದು ಹೊರಗೆ ಹೋಗುತ್ತಿದ್ದರು. ಏನು ನೋಡುತ್ತಿದ್ದೀ ಎಂದು ಒಮ್ಮೆಯೂ ಕೇಳಲಿಲ್ಲ. ನನ್ನ ಪಾಡಿಗೆ ನನ್ನನ್ನು ಬಿಟ್ಟಿದ್ದಾರೆ, ಇಷ್ಟು ತಿಳಿವಳಿಕೆ ಎಷ್ಟು ಗಂಡಸರಿಗಿದೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಆ ಬೀಗು ಇಳಿದದ್ದು ಈ ವರ್ಷ, ಸೇಡಂನಲ್ಲಿ. ಅಲ್ಲಿ ನನ್ನ ನಾದಿನಿಯ ಮನೆ. ಚಿಂಚೋಳಿಗೆ ಕೊಟ್ಟ ಅವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಕೂಸು. ತೊಟ್ಟಿಲಿಗೆ ಹಾಕುವ ದಿನ ನಾವಿಬ್ಬರೂ ಬೆಳಗಿನ ರೈಲಿಗೇ ಹೋದೆವು. ಕೂಸಿನ ತಲೆಗೆ ಕಟ್ಟಲು ನಾನೇ ಹೊಲಿದ ಕುಂಚಿಗೆ ಒಯ್ದಿದ್ದೆ. ಹತ್ತಿರದ ಮುಧೋಳ, ಆಡಕಿ ಕಡೆಯ ಬೀಗರೆಲ್ಲ ಬಂದು ಮನೆ ತುಂಬಿತ್ತು. ಗುಗ್ಗರಿಗೆ ಕಾಳು ಬೇಯುತ್ತಿತ್ತು. ನಮ್ಮಲ್ಲಿ ತೊಟ್ಟಿಲಿನ ಆಚೆ ಈಚೆ ಮುತ್ತೈದೆಯರು ನಿಂತು ಕೂಸನ್ನು ತೊಟ್ಟಿಲ ಕೆಳಗಿನಿಂದ ಒಬ್ಬರಿಗೊಬ್ಬರು ದಾಟಿಸುತ್ತಾರೆ. ಆ ಹೊತ್ತಿಗೆ ಮಕ್ಕಳಿಲ್ಲದವರಿಗೆ ಅಡುಗೆಮನೆಯಲ್ಲಿ ಹೇಗೋ ಒಂದು ಕೆಲಸ ಹುಟ್ಟಿಕೊಳ್ಳುತ್ತದೆ. ಯಾರೂ ಬೇಡ ಅನ್ನುವುದಿಲ್ಲ, ಕರೆಯುವುದಿಲ್ಲ ಅಷ್ಟೇ. ಇಪ್ಪತ್ತು ವರ್ಷ ನಾನು ಹಾಗೆ ಹೋಳಿಗೆ ಎಣಿಸಿದ್ದೇನೆ.

ಈ ಸಲ ನಾದಿನಿ ಇನ್ನೂ ಒಳ್ಳೆಯ ಏರ್ಪಾಟು ಮಾಡಿದ್ದಳು. ನನ್ನ ಕೈ ಹಿಡಿದು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ಚಾಪೆಯ ಮೇಲೆ ಏಳೆಂಟು ಹುಡುಗರು, ಎದುರಿಗೆ ಟಿವಿ, ಟಿವಿಯಲ್ಲಿ ಕಿರಿಚಾಡುವ ಬಣ್ಣ ಬಣ್ಣದ ಪ್ರಾಣಿಗಳು. ನಡುವೆ ನನಗೊಂದು ಕುರ್ಚಿ.

"ವೈನಿ, ನೀವು ಇಲ್ಲಿ ಕುಂದ್ರಿ. ನಿಮ್ಮ ಸಲುವಾಗೇ ಕಾರ್ಟೂನ್ ಹಚ್ಚೀನಿ" ಎಂದಳು. ಆಮೇಲೆ ದನಿ ಇಳಿಸಿ ಸೇರಿಸಿದಳು: "ಅಣ್ಣಾನೇ ಹೇಳ್ಯಾನ. ಮಕ್ಕಳಿಲ್ಲದ ದುಃಖ ಆಕಿ ಅದರಾಗ ಮರಿತಾಳ ಅಂತ."

ಬಾಗಿಲಿನಿಂದ ಪಡಸಾಲೆ ಕಾಣುತ್ತಿತ್ತು. ಗಂಡ ಗಂಡಸರ ಜೊತೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಆರು ವರ್ಷ. ದನಿ ತಗ್ಗಿಸಿದ್ದು, ಎದ್ದು ಹೊರಗೆ ಹೋದದ್ದು, ಎಲ್ಲದರ ಅರ್ಥ ಈಗ ಆಯಿತು. ನನ್ನನ್ನು ನನ್ನ ಪಾಡಿಗೆ ಬಿಟ್ಟಿರಲಿಲ್ಲ. ಅವರೂ ಆ ರೈಲಿನ ಹೆಂಗಸಿನ ಹಾಗೆ ಲೆಕ್ಕ ಹಾಕಿ ಮುಗಿಸಿದ್ದರು. 

ಕುರ್ಚಿಯಲ್ಲಿ ಕೂರಲಿಲ್ಲ. ಪಡಸಾಲೆಗೆ ಕೇಳುವಷ್ಟು ದೊಡ್ಡ ದನಿಯಲ್ಲೇ ಹೇಳಿದೆ: "ನಾ ಮಕ್ಕಳಿಲ್ಲಂತ ಕಾರ್ಟೂನ್ ನೋಡೂದಿಲ್ಲ. ದೊಡ್ಡಾಕಿ ಆಗೀನಿ, ಅದಕ್ಕ ನೋಡ್ತೀನಿ."

ಗಂಡನ ಕೈಯಲ್ಲಿದ್ದ ಎಲೆ ಹಾಗೇ ಉಳಿಯಿತು. ನಾನು ನಡೆದು ಹೋಗಿ ತೊಟ್ಟಿಲಿನ ಪಕ್ಕ ನಿಂತೆ. ಚಿಂಚೋಳಿಯ ಬೀಗಿತ್ತಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ನನ್ನನ್ನು ನೋಡಿದಳು, ನನ್ನ ನಾದಿನಿಯನ್ನು ನೋಡಿದಳು, ಕೂಸನ್ನು ಎದೆಗೆ ಒತ್ತಿಕೊಂಡಳು. ಆಗ ಮಾತಾಡಿದವಳು ಬಾಣಂತಿ. ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದವಳು ಕೂತಲ್ಲಿಂದಲೇ ನನ್ನನ್ನು ನೋಡಿ, "ಅತ್ತಿ, ನೀವು ಆ ಕಡಿ ನಿಂದರ್ರಿ. ನನ್ನ ಮಗನ್ನ ನಿಮ್ಮ ಕೈಯಾಗ ಕೊಡ್ತಾರ" ಎಂದಳು. ಬೀಗಿತ್ತಿ ಬಗ್ಗಿ ಕೊಟ್ಟಳು, ನಾನು ಬಗ್ಗಿ ತೆಗೆದುಕೊಂಡೆ.

ಕೂಸು ಚಂದವಾಗಿತ್ತು. ಎಣ್ಣೆ, ಲೋಬಾನದ ವಾಸನೆ, ಬೆಚ್ಚಗಿನ ಭಾರ. ಎತ್ತಿಕೊಂಡಾಗ ನನ್ನ ಎದೆಯಲ್ಲಿ ಏನೂ ಒಡೆಯಲಿಲ್ಲ. ಸುತ್ತ ನಿಂತವರು ಅದಕ್ಕೇ ಕಾಯುತ್ತಿದ್ದರು, ಸೆರಗು ಬಾಯಿಗೆ ಒತ್ತಿಕೊಂಡು ಇಬ್ಬರಂತೂ ತಯಾರಾಗಿಯೇ ನಿಂತಿದ್ದರು. ನಾನು ಅವರಿಗೆ ಆ ಸಂತೋಷ ಕೊಡಲಿಲ್ಲ. ಕೂಸನ್ನು ಮುಂದಿನವಳಿಗೆ ದಾಟಿಸಿ, ಊಟಕ್ಕೆ ಕೂತು, ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡೆ.

ಮಧ್ಯಾಹ್ನದ ರೈಲಿನಲ್ಲಿ ಗಂಡ ಎದುರಿನ ಸೀಟಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತರು. ತುಸು ದೂರ ಹೋದ ಮೇಲೆ, ಅಷ್ಟು ಮಂದಿಯ ಎದುರು ಹಾಗೆ ಮಾತಾಡಬೇಕಿತ್ತೇ, ತಾನೇನು ಕೆಟ್ಟದ್ದಕ್ಕೆ ಹೇಳಿದ್ದೆನೇ ಎಂದು ಗೊಣಗಿದರು. ನಾನು ಜಗಳವಾಡಲಿಲ್ಲ. ಆ ವಾರ ನಾನು ಅರ್ಧ ನೋಡಿದ್ದ ಸಿನಿಮಾವನ್ನು ಮೊದಲಿನಿಂದ ಹಚ್ಚಿ, ಕಿವಿಗೆ ಹಾಕಿಕೊಳ್ಳುವ ವೈರಿನ ಸಮೇತ ಮೊಬೈಲನ್ನು ಅವರ ತೊಡೆಯ ಮೇಲಿಟ್ಟೆ. ವಾಡಿಯವರೆಗೆ ನೋಡಬೇಕು, ಆಮೇಲೆ ಏನು ಬೇಕಾದರೂ ಅನ್ನಿ ಎಂದೆ.

ಅದು ಒಬ್ಬ ಮುದಿ ಲಾರಿ ಡ್ರೈವರನ ಕಥೆ. ಲಾರಿಯನ್ನು ಗುಜರಿಗೆ ಹಾಕಲು ಕೊನೆಯ ಸಲ ಓಡಿಸಿಕೊಂಡು ಹೋಗುತ್ತಾನೆ. ಹಳೆಯ ಚಹಾದಂಗಡಿಗಳಲ್ಲೆಲ್ಲ ನಿಲ್ಲಿಸುತ್ತಾನೆ. ಅವನ ಗುರುತು ಯಾರಿಗೂ ಸಿಗುವುದಿಲ್ಲ. ಗಂಡ ಮೊದಲು ಬೇಕಂತಲೇ ಆಕಳಿಸಿದರು. ನಂತರ, ಲಾರಿಯ ಟಾರ್ಪಾಲಿಗೆ ಹಗ್ಗ ಮಾತ್ರ ಸರಿಯಾಗಿ ಬಿಗಿದಿದ್ದಾರೆ, ಚಿತ್ರ ಬರೆದವನು ಲಾರಿ ಕಂಡವನೇ ಎಂದು ಒಪ್ಪಿಕೊಂಡರು. ದಿನಾ ಲಾರಿಗೆ ಕಲ್ಲು ಹೇರಿಸುವವರ ಮಾತು ಅದು. ಚಿತ್ತಾಪುರದಲ್ಲಿ ಜನ ಹತ್ತಿದರು ಇಳಿದರು, ಅವರು ತಲೆಯೆತ್ತಲಿಲ್ಲ. ಅವರ ಗದ್ದ ನಡುಗುವುದನ್ನು ಮಾವ ತೀರಿಕೊಂಡಾಗ ಒಮ್ಮೆ ನೋಡಿದ್ದೆ, ಈಗ ನೋಡಿದೆ. ನಾನು ಎದ್ದು ಹೊರಗೆ ಹೋಗಲಿಲ್ಲ. ಅಲ್ಲೇ ಕೂತಿದ್ದೆ.

ವಾಡಿಯ ಹೊರಗೆ ರೈಲು ಸಿಗ್ನಲಿಗೆ ನಿಂತಾಗ ಸಿನಿಮಾ ಇನ್ನೂ ಮುಗಿದಿರಲಿಲ್ಲ. ಅವರು ಕಿವಿಯಿಂದ ವೈರು ತೆಗೆದು ನನ್ನ ಮುಖ ನೋಡಿದರು.

"ಇದರಾಗ ಕೂಸೇ ಇಲ್ಲಲ್ಲ" ಎಂದರು.

"ಇಲ್ಲ" ಎಂದೆ. "ಯಾವುದರಾಗೂ ಇದ್ದಿಲ್ಲ. ಆರು ವರ್ಷದಾಗ ಒಮ್ಮಿ ಕೇಳಿದ್ರ ಹೇಳ್ತಿದ್ದೆ."