ಕೆಂಪು ಸುತ್ತಿನ ಶನಿವಾರಗಳು

ಹೋದ ತಿಂಗಳು ನಮ್ಮ ಪಕ್ಕದ ಮನೆಯ ರಾನ್ ನಮ್ಮ ಫ್ರಿಜ್ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು.

ಒಳಗಿದ್ದುದನ್ನು ನೋಡಿ ಅಲ್ಲ. (ಒಳಗಿದ್ದದ್ದು ಮೂರು ದಿನದ ಹಿಂದಿನ ಹುಳಿ. ಅದನ್ನು ನೋಡಿದ್ದರೆ ಯಾರಾದರೂ ಅಳುತ್ತಿದ್ದರು.) ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಂದು ಕಾರ್ಡ್ ನೋಡಿ. ಅದು ನಮ್ಮೂರಿನ ಫುಟ್‌ಬಾಲ್ ಕ್ಲಬ್ಬಿನ ಕಾರ್ಡ್. ಯಾವ ಶನಿವಾರ ಯಾರ ಜೊತೆ ಮ್ಯಾಚ್, ಯಾವುದು ನಮ್ಮೂರಲ್ಲಿ, ಯಾವುದು ಹೊರಗೆ ಎಂದು ಅಚ್ಚು ಹಾಕಿರುತ್ತಾರೆ. ನಮ್ಮೂರಲ್ಲಿ ನಡೆಯುವ ಮ್ಯಾಚ್‌ಗಳಿಗೆಲ್ಲ ನಮ್ಮ ಯಜಮಾನರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ. ಒಂದನ್ನೂ ಬಿಟ್ಟಿಲ್ಲ.

"ಮಿಸೆಸ್ ಡಿ, ನೀವು ಹೇಳಲೇ ಇಲ್ಲವಲ್ಲ!" ಎಂದರು ರಾನ್. (ನಮ್ಮ ಪೂರ್ತಿ ಹೆಸರು ಅವರ ನಾಲಿಗೆಗೆ ಒಗ್ಗುವುದಿಲ್ಲ.) "ಇಷ್ಟು ವರ್ಷ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿದ್ದೇವೆ. ನೀವು ನಮ್ಮ ಟೀಮಿನವರು ಅಂತ ನನಗೆ ಗೊತ್ತೇ ಆಗಲಿಲ್ಲ."

ಕೈಯಲ್ಲಿದ್ದ ಟೀ ಪಾಟ್ ಹಿಡಿದುಕೊಂಡು ನಾನು ಹಲ್ಲು ಬಿಟ್ಟೆ. ಬೇರೇನು ಮಾಡಲಿ? ಆ ಕೆಂಪು ಸುತ್ತುಗಳು ಮ್ಯಾಚ್ ನೋಡಲು ಹೋಗುವ ದಿನಗಳಲ್ಲ, ನಾವು ಮನೆ ಬಿಟ್ಟು ಹೊರಗೆ ಹೋಗಬಾರದ ದಿನಗಳು ಎಂದು ಆ ಮುದುಕರ ಮುಖ ನೋಡಿಕೊಂಡು ಹೇಗೆ ಹೇಳಲಿ?

ಓದುಗರಿಗಾದರೂ ನಿಜ ಹೇಳಿಬಿಡುತ್ತೇನೆ. ನಮ್ಮೂರು ಲಂಡನ್ನಿನ ಪೂರ್ವದ ಅಂಚಿನಲ್ಲಿದೆ. (ಊರಿನ ಹೆಸರು ಬೇಡ. ಇನ್ನೂ ಅಲ್ಲೇ ಇರಬೇಕು ನಾವು.) ಮೈದಾನ ಊರಿನ ನಟ್ಟನಡುವೆ ಇದೆ. ಸ್ಟೇಷನ್ನಿಗೆ ಹೋಗಲಿ, ಬಸ್ಸಿಗೆ ಹೋಗಲಿ, ತರಕಾರಿಗೆ ಇಲ್ಫರ್ಡ್ ಕಡೆ ಹೊರಡಲಿ, ಅದರ ಮುಂದೆಯೇ ಹಾಯಬೇಕು. ನಮ್ಮ ಯಜಮಾನರು ಧಾರವಾಡದವರು, ಇಲ್ಲಿನ ಸರಕಾರಿ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಡಾಕ್ಟರು. ಮ್ಯಾಚ್ ಇದ್ದ ಶನಿವಾರ ಅವರಿಗೆ ಊಟ ಮಾಡಲೂ ಪುರುಸೊತ್ತಿರುವುದಿಲ್ಲ. ಒಡೆದ ಹುಬ್ಬು, ಮುರಿದ ದವಡೆ, ಬಾಟಲಿ ಚೂರು. (ಈ ದೇಶದಲ್ಲಿ ಬೇಸ್‌ಬಾಲ್ ಆಡುವವರನ್ನು ನಾನಂತೂ ನೋಡಿಲ್ಲ. ಬೇಸ್‌ಬಾಲ್ ಬ್ಯಾಟಿನ ಏಟು ತಿಂದವರನ್ನು ಇವರು ನೋಡಿದ್ದಾರೆ.) ಅದರಲ್ಲಿ ನಮ್ಮ ಬಣ್ಣದವರು ಎಷ್ಟು ಜನ ಎಂದು ನಾನು ಕೇಳುವುದಿಲ್ಲ. ಅವರೂ ಹೇಳುವುದಿಲ್ಲ.

ನನ್ನ ಹೆದರಿಕೆ ಬರೀ ಕೇಳಿದ್ದಲ್ಲ. ಮಗಳು ಅನು ಎರಡು ವರ್ಷದವಳಿದ್ದಾಗ ಒಂದು ಶನಿವಾರ ಅವಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಪೇಟೆಯ ಹೈಸ್ಟ್ರೀಟಿನಲ್ಲಿ ಬರುತ್ತಿದ್ದೆ. ಮ್ಯಾಚ್ ಮುಗಿದು ಜನ ಹೊರಗೆ ಬಿದ್ದಿದ್ದರು. ಏಳೆಂಟು ಹುಡುಗರು ನಮ್ಮನ್ನು ಸುತ್ತುವರಿದರು. ಒಬ್ಬ ನನ್ನ ಕೈ ಸರಿಸಿ ಗಾಡಿಯ ಹಿಡಿಕೆ ತಾನು ಹಿಡಿದ. ಹಾಡುತ್ತಾ ತಳ್ಳಿಕೊಂಡು ಹೊರಟ. ಉಳಿದವರು ಸುತ್ತಲೂ ಕುಣಿದರು. ಅಂಗಡಿಗಳ ಸಾಲು ಮುಗಿಯುವವರೆಗೂ ತಳ್ಳಿದ. ಆಮೇಲೆ ಬಿಟ್ಟು ಹೋದ.

ಅಷ್ಟೇ. ಏನೂ ಮಾಡಲಿಲ್ಲ. ಪೊಲೀಸರಿಗೆ ಹೇಳಲು ಏನಿದೆ ಇದರಲ್ಲಿ? ಆದರೆ ದಾರಿಯುದ್ದಕ್ಕೂ ಪಕ್ಕದಲ್ಲಿ ಓಡುತ್ತಿದ್ದ ನಾನು ನಗುತ್ತಿದ್ದೆ. ಅವರ ತಮಾಷೆ ನನಗೂ ತಮಾಷೆ ಎನ್ನುವ ಹಾಗೆ ನಗುತ್ತಿದ್ದೆ. ನಗು ನಿಲ್ಲಿಸಿದರೆ ಏನಾಗುತ್ತದೋ ಎಂಬ ಭಯಕ್ಕೆ ನಕ್ಕದ್ದು ಅದೇ ಮೊದಲ ಸಲ. ಮನೆಗೆ ಬಂದು ಬಾಗಿಲು ಹಾಕಿದ ಮೇಲೂ ದವಡೆ ನೋಯುತ್ತಿತ್ತು.

ಆ ವಾರವೇ ಕಾರ್ಡ್ ಫ್ರಿಜ್ ಮೇಲೆ ಬಂತು, ಪಂಚಾಂಗದ ಪಕ್ಕ. ಪ್ರತಿ ವರ್ಷವೂ ತಪ್ಪದೆ ಹೊಸ ಕಾರ್ಡ್ ತರುತ್ತೇವೆ. ನಮ್ಮ ಮನೆಯೊಂದೇ ಅಲ್ಲ, ಈ ಕಡೆ ಇರುವ ನಾಲ್ಕಾರು ಕನ್ನಡದ ಮನೆಗಳಲ್ಲೂ ಉಂಟು. ಸತ್ಯನಾರಾಯಣ ಪೂಜೆಗೆ ದಿನ ಕೇಳಿದರೆ ನಮ್ಮ ಪುರೋಹಿತರು (ವಾರದ ದಿನಗಳಲ್ಲಿ ಕಂಪ್ಯೂಟರ್ ಪ್ರೋಗ್ರಾಮರ್) ಏನೆನ್ನುತ್ತಾರೆ ಗೊತ್ತೆ? "ದಿನ ಬಹಳ ಪ್ರಶಸ್ತವಾಗಿದೆ ಮೇಡಂ. ಆದ್ರೆ ಅವತ್ತು ಹೋಮ್ ಮ್ಯಾಚ್ ಅಲ್ವಾ?" ರಾಹುಕಾಲವಾದರೆ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಇದು ಮಧ್ಯಾಹ್ನ ಶುರುವಾದರೆ ಪಬ್ ಮುಚ್ಚುವವರೆಗೂ ಬಿಡುವುದಿಲ್ಲ.

ಇರಲಿ, ರಾನ್ ವಿಷಯಕ್ಕೆ ಬರುತ್ತೇನೆ. ರಾನ್ ನಿವೃತ್ತ ಪೋಸ್ಟ್‌ಮನ್. ಎಪ್ಪತ್ತು ದಾಟಿದೆ, ಹೆಂಡತಿ ಜೀನ್ ತೀರಿಕೊಂಡಿದ್ದಾರೆ, ಉಳಿದಿರುವುದು ಕ್ಲಬ್ಬೊಂದೇ. ನಮ್ಮ ಮನೆಯ ಇನ್ನೊಂದು ಬೀಗದ ಕೈ ಇರುವುದು ಅವರ ಹತ್ತಿರ. ಹಿಮ ಬಿದ್ದ ಬೆಳಿಗ್ಗೆ ನಾವು ಏಳುವ ಮೊದಲೇ ನಮ್ಮ ಮೆಟ್ಟಿಲಿಗೂ ಉಪ್ಪು ಹಾಕಿರುತ್ತಾರೆ. ಅಂಥವರು ಅಂದು ಮೊದಲ ಸಲ ನಮ್ಮ ಅಡುಗೆಮನೆಯವರೆಗೆ ಬಂದದ್ದು ಒಂದು ಪ್ರಶ್ನೆ ಹಿಡಿದುಕೊಂಡು. ಮೈದಾನಕ್ಕೆ ಜನ ಬರುವುದು ವರ್ಷ ವರ್ಷ ಕಡಿಮೆಯಾಗುತ್ತಿದೆ. ಹೀಗೇ ಆದರೆ ಜಾಗವನ್ನು ಯಾವುದೋ ಸೂಪರ್‌ಮಾರ್ಕೆಟ್‌ನವರಿಗೆ ಮಾರಬೇಕಂತೆ. ಅದಕ್ಕೇ ಕಮಿಟಿಯ ಮುದುಕರೆಲ್ಲ ಮನೆ ಮನೆಗೆ ಹೋಗಿ ಕೇಳುತ್ತಿದ್ದಾರೆ: ಯಾಕೆ ಬರುವುದಿಲ್ಲ?

"ಎಲ್ಲರೂ ಟೀವಿ ಅಂತಾರೆ," ಎಂದರು ರಾನ್. "ಮನೇಲೇ ಕೂತು ದೊಡ್ಡ ಕ್ಲಬ್‌ಗಳ ಮ್ಯಾಚ್ ನೋಡ್ತಾರಂತೆ. ನಿಮಗೇನನ್ನಿಸುತ್ತೆ?"

"ಟೀವಿಯೇ ಇರಬೇಕು," ಎಂದೆ. "ಟಿಕೆಟ್ ರೇಟೂ ಜಾಸ್ತಿ ಆಯ್ತಲ್ಲ. ಪಾರ್ಕಿಂಗ್ ಬೇರೆ ಸಿಗಲ್ಲ." (ಟಿಕೆಟ್ ಎಷ್ಟೆಂದು ನನಗೆ ಗೊತ್ತಿಲ್ಲ. ನಮ್ಮ ಮನೆಯಿಂದ ಮೈದಾನಕ್ಕೆ ನಡೆದೇ ಹೋಗಬಹುದು.)

ರಾನ್ ತಲೆಯಾಡಿಸಿದರು. ಹೊರಡುವಾಗ ಜೇಬಿನಿಂದ ಎರಡು ಪಾಸ್ ತೆಗೆದು ಫ್ರಿಜ್ ಮೇಲೆ, ಕೆಂಪು ಸುತ್ತಿನ ಪಕ್ಕವೇ ಸಿಗಿಸಿದರು. ತಮ್ಮ ಕೊರಳಿನ ಕ್ಲಬ್ ಸ್ಕಾರ್ಫ್ ಬಿಚ್ಚಿ ಅನುವಿನ ಕೊರಳಿಗೆ ಹಾಕಿದರು. ಅನುವಿಗೀಗ ಹನ್ನೊಂದು. ಅವಳು ಕುಣಿದಾಡಿದಳು. "ಕ್ಯಾನ್ ವಿ ಗೋ, ಅಮ್ಮ? ಪ್ಲೀಸ್, ಪ್ಲೀಸ್?" ಮನೆಯಲ್ಲಿ ಕನ್ನಡ ಕೇಳಿ ಇಂಗ್ಲಿಷ್‌ನಲ್ಲಿ ಉತ್ತರ ಕೊಡುವ ಕುಲ ಅವಳದು.

ಇವರು ಡ್ಯೂಟಿ ಮುಗಿಸಿ ಬಂದ ಮೇಲೆ ವಿಷಯ ಹೇಳಿದೆ. ಕೈ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು.

"ಏನ್ ಹೇಳಾಕತ್ತೀ ಸುಮಾ? ತಲಿ ನೆಟ್ಟಗದ ಏನ್ ನಿಂದು?"

"ರಾನ್‌ಗೆ ಏನಂತ ಹೇಳ್ಲಿ ರೀ? ನಿಮ್ಮ ಜನ ಕಂಡ್ರೆ ನಮಗೆ ಭಯ ಅಂತ ಹೇಳ್ಲಾ?"

"ಏನಾರ ಹೇಳು. ನೆಗಡಿ ಬಂದೇತಿ ಅನ್ನು. ಶನಿವಾರ ಸಂಜಿಕ್ಕ ನಾ ಮಂದಿಗೆ ಹೊಲಿಗಿ ಹಾಕೋದು ಸಾಕಾಗೇದ. ಅಲ್ಲಿ ಟ್ರಾಲಿ ಮ್ಯಾಲೆ ನಿಮ್ಮಿಬ್ಬರ ಮಾರಿ ಕಾಣಬಾರದು, ಅಷ್ಟ."

ಆದರೂ ಹೋದೆ. ಕಾಲ ಬದಲಾಗಿದೆ ಎಂದು ಪೇಪರಿನವರು ಬರೆಯುತ್ತಾರೆ. ರಾನ್ ಜೊತೆಗಿರುತ್ತಾರೆ. ಮಗಳ ಕೊರಳಿಂದ ಸ್ಕಾರ್ಫ್ ಇಳಿದೇ ಇರಲಿಲ್ಲ, ಮಲಗುವಾಗಲೂ. ಅವಳಿಗೆ ನನ್ನ ಭಯ ಅಂಟಬಾರದು ಎಂಬುದೊಂದೇ ನನಗಿದ್ದ ಆಸೆ. ಒಂಬತ್ತು ವರ್ಷ ಅದನ್ನು ಅವಳಿಂದ ಮುಚ್ಚಿಟ್ಟಿದ್ದೆ.

ಮೈದಾನ ಕಂಡು ಮೊದಲು ಅಯ್ಯೋ ಎನ್ನಿಸಿತು. ಇಷ್ಟು ವರ್ಷ ನಾನು ಹೆದರಿದ್ದು ಇದಕ್ಕಾ? ಬಣ್ಣ ಹೋದ ಸೀಟುಗಳು, ಸಾಲಿಗೆ ಸಾಲೇ ಖಾಲಿ. ಅಲ್ಲಲ್ಲಿ ಕಂಬಳಿ ಹೊದ್ದ ಮುದುಕರು. ರಾನ್ ಗೇಟಿನಲ್ಲಿ ಟಿಕೆಟ್ ಹರಿಯುವ ತಮ್ಮ ಕೆಲಸ ಮುಗಿಸಿ ಬಂದು ನಮ್ಮ ಪಕ್ಕ ಕೂತರು, ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಟ್ಟರು. ರೆಫ್ರಿಯನ್ನು ಅವರು ಬೈಯುವುದನ್ನು ನೋಡಬೇಕಿತ್ತು! ಯಾವಾಗಲೂ ಮೆತ್ತಗಿರುವ ಮನುಷ್ಯ ಎದ್ದು ನಿಂತು ಕೈ ಬೀಸಿ ಕೂಗುತ್ತಿದ್ದರು. ಅನು ಅವರಿಗಿಂತ ಜೋರಾಗಿ ಕೂಗಿದಳು. ನಾನೂ ಒಂದು ಸಲ ಕೂಗಿದೆ ಎಂದಿಟ್ಟುಕೊಳ್ಳಿ.

ಎರಡನೆಯ ಅರ್ಧದಲ್ಲಿ ಎದುರು ಟೀಮಿನ ಕರಿಯ ಹುಡುಗನೊಬ್ಬ ಚೆಂಡು ತೆಗೆದುಕೊಂಡು ನಮ್ಮ ಬದಿಗೆ ಓಡಿ ಬಂದ. ಗೋಲಿನ ಹಿಂದೆ ನಿಂತಿದ್ದ ಒಂದು ಗುಂಪಿನಿಂದ ಸದ್ದು ಎದ್ದಿತು. ಮಂಗನ ಸದ್ದು. ಮೊದಲು ಒಬ್ಬ, ಆಮೇಲೆ ಎಲ್ಲರೂ. ಚೆಂಡು ಬೇರೆ ಕಡೆ ಹೋಯಿತು. ಗುಂಪಿನಲ್ಲಿ ಯಾರೋ ಒಬ್ಬ ನಮ್ಮ ಕಡೆ ಬೆರಳು ತೋರಿಸಿದ.

ಆಮೇಲೆ ನಮಗೆ ಹಾಡು. ನಮ್ಮವರ ಅಂಗಡಿಗಳ ಮೇಲೆ, ನಮ್ಮ ಅಡುಗೆಯ ವಾಸನೆ ಮೇಲೆ. ಉಳಿದದ್ದನ್ನು ಬರೆಯಲಾರೆ. ಸ್ಟ್ಯಾಂಡ್ ತುಂಬಿದ್ದರೆ ಜನರ ಮಧ್ಯೆ ಕಾಣದಂತೆ ಕೂರಬಹುದಿತ್ತು. ಅಷ್ಟು ಖಾಲಿ ಸೀಟುಗಳ ನಡುವೆ ಎಲ್ಲಿ ಅಡಗುವುದು? ಬಾಗಿಲು ಎಲ್ಲಿದೆ ಎಂದು ಕಣ್ಣು ತಾನಾಗಿ ಹುಡುಕಿತು. ಇದ್ದ ಬಾಗಿಲು ಅವರ ಪಕ್ಕದಲ್ಲೇ ಇತ್ತು. ನನ್ನ ಬಾಯಿ ಮತ್ತೆ ನಗಲು ಶುರು ಮಾಡಿದ್ದು ದವಡೆ ನೋವಾದಾಗ ಗೊತ್ತಾಯಿತು.

ರಾನ್ ಕಡೆ ನೋಡಿದೆ. ಮಧ್ಯಾಹ್ನವೆಲ್ಲ ರೆಫ್ರಿಯ ಏಳು ತಲೆಮಾರನ್ನು ಬೈದ ರಾನ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು. ಅದು ಆಗಲೇ ಬಿಗಿಯಾಗಿತ್ತು. ಕಂಬಳಿ ಹೊದ್ದವರೆಲ್ಲ ಆಟ ನೋಡುತ್ತಿದ್ದರು.

ಅನು ಸ್ಕಾರ್ಫ್ ಬಿಚ್ಚಿ ಮಡಿಸಿ ಚೀಲಕ್ಕೆ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ, ಹಣೆಗೆ ಕೈ ತಂದು, ನನ್ನ ಬಿಂದಿಯನ್ನು ಉಗುರಿನಿಂದ ಮೆಲ್ಲಗೆ ಕಿತ್ತು ಮುಂದಿನ ಸೀಟಿನ ಬೆನ್ನಿಗೆ ಅಂಟಿಸಿದಳು.

"ಜಸ್ಟ್ ಫಾರ್ ನೌ, ಅಮ್ಮ," ಎಂದಳು.

ನಾಚಿಕೆಗೆ ಮಾಡಿದ್ದಲ್ಲ. ನನ್ನನ್ನು ಕಾಪಾಡುತ್ತಿದ್ದಳು. ಇದನ್ನು ಅವಳು ಎಲ್ಲಿ ಕಲಿತಳು? ಸ್ಕೂಲಿನಲ್ಲಾ? ಬಸ್ಸಿನಲ್ಲಾ? ಇಷ್ಟು ದಿನ ಯಾರಿಂದ ಯಾರು ಮುಚ್ಚಿಡುತ್ತಿದ್ದದ್ದು?

ಮ್ಯಾಚ್ ಮುಗಿಯುವ ಮೊದಲೇ ರಾನ್ ಎದ್ದರು. ಗುಂಪಿನ ಕಡೆಯ ಬಾಗಿಲು ಬಿಟ್ಟು, ಚಹಾ ಅಂಗಡಿಯ ಹಿಂದಿನಿಂದ, ಕೆಲಸಗಾರರು ಓಡಾಡುವ ಸಣ್ಣ ಗೇಟು ತೆಗೆದು ನಮ್ಮನ್ನು ಹೊರಗೆ ಕರೆತಂದರು. ಅಲ್ಲಿಂದ ಮನೆಗಳ ಹಿತ್ತಿಲ ಹಿಂದಿನ ಓಣಿ. "ಈ ದಾರಿ ಹತ್ತಿರ," ಎಂದರು.

ಹತ್ತಿರವಲ್ಲ, ಬಹಳ ಸುತ್ತು. ಒಂಬತ್ತು ವರ್ಷದಿಂದ ಅಂಥ ಶನಿವಾರ ಹೊರಡಲೇಬೇಕಾದರೆ ನಾನು ಕದ್ದು ಓಡಾಡುವ ದಾರಿ ಅದು, ನನಗೆ ಗೊತ್ತಿಲ್ಲವೆ?

ರಾನ್ ಮುಂದೆ, ಅನು ನಡುವೆ, ನಾನು ಹಿಂದೆ. ಹೈಸ್ಟ್ರೀಟಿನ ಕಡೆಯಿಂದ ಬಾಟಲಿ ಒಡೆದ ಸದ್ದು ಬಂತು. ಹಿಂದಿನಿಂದ ಯಾರೋ ಓಡಿ ಬರುತ್ತಿದ್ದರು. ನಾನು ಅನುವನ್ನು ಬೇಲಿಗೆ ಒತ್ತಿ ಅಡ್ಡ ನಿಂತೆ, ನನಗೆ ರಾನ್ ಅಡ್ಡ ನಿಂತರು. ಅವರ ಕೋಟಿನ ಬೆನ್ನು ನಡುಗುವುದು ನನ್ನ ಮುಖಕ್ಕೆ ತಾಗುತ್ತಿತ್ತು. ಓಡಿ ಬಂದವನು "ಸಾರಿ" ಎಂದು ದಾಟಿ ಹೋದ. ಬಸ್ ಹಿಡಿಯುವ ಅವಸರ ಅವನಿಗೆ.

"ನೀವು ಯಾವಾಗಲೂ ಈ ದಾರೀಲೇ ಹೋಗ್ತೀರಾ, ರಾನ್?" ಎಂದು ಕೇಳಿದೆ.

"ಮೊದಲು ಹೈಸ್ಟ್ರೀಟ್‌ನಲ್ಲೇ ಹೋಗ್ತಿದ್ವಿ, ನಾನೂ ಜೀನೂ. ಆಮೇಲೆ ಜೀನ್ ಮ್ಯಾಚಿಗೆ ಬರೋದು ಬಿಟ್ಟಳು. ಮಂಡಿ ನೋವು ಅಂದಳು."

"ಪಾಪ, ತುಂಬಾ ನೋವಿತ್ತಾ?"

"ಬುಧವಾರದ ಡ್ಯಾನ್ಸ್ ಒಂದನ್ನೂ ತಪ್ಪಿಸಲಿಲ್ಲ," ಎಂದರು ರಾನ್.

ರಾನ್ ಕೆಟ್ಟವರಲ್ಲ. ಅವರಿಗೂ ಭಯ. ಆ ಗುಂಪಿನ ಭಯ ಇದೆ, ಆ ಗುಂಪೂ ಬರದೇ ಹೋದರೆ ಮೈದಾನದಲ್ಲಿ ಉಳಿಯುವವರು ಯಾರು ಎಂಬ ಭಯ ಇನ್ನೂ ಹೆಚ್ಚಿದೆ. ಊರಿನ ಅರ್ಧ ಜನ ಮನೆಯೊಳಗೆ ಬೋಲ್ಟ್ ಹಾಕಿಕೊಂಡು ಟೀವಿ, ಟಿಕೆಟ್, ಪಾರ್ಕಿಂಗ್ ಎನ್ನುತ್ತಾರೆ. ಕೇಳಲು ಬಂದವರು ತಲೆಯಾಡಿಸಿ ಮುಂದಿನ ಮನೆಗೆ ಹೋಗುತ್ತಾರೆ. ಹೇಳುವವರಿಗೂ ಕೇಳುವವರಿಗೂ ಅದರಲ್ಲೇ ಕ್ಷೇಮ. ಆ ರಾತ್ರಿ ಇವರಿಗೆ ನಾನು ಹೇಳಿದ್ದೂ ಇಷ್ಟೇ: "ಚೆನ್ನಾಗಿತ್ತು ರೀ, ನಮ್ಮೂರವರು ಸೋತ್ರು."

ಮೊನ್ನೆ ಬೆಳಿಗ್ಗೆ ರಾನ್ ಮತ್ತೆ ಬಾಗಿಲು ತಟ್ಟಿದರು. ಕೈಯಲ್ಲಿ ಎರಡು ಪಾಸ್. ಮುಖ ಮಾತ್ರ ನಮ್ಮ ಕಾಲೊರಸಿನ ಕಡೆ. ಬಾಗಿಲು ತೆಗೆದದ್ದು ಅನು. ನಾನು ಅವಳ ಹಿಂದೆ ಸೌಟು ಹಿಡಿದು ನಿಂತಿದ್ದೆ, ಏನು ಹೇಳಲಿ ಎಂದು ತಡಕಾಡುತ್ತಾ.

ನಾನು ಹೇಳಬೇಕಾಗಿ ಬರಲಿಲ್ಲ.

"ಸಾರಿ, ರಾನ್," ಎಂದಳು ಮಗಳು, ಬಹಳ ಮುದ್ದಾಗಿ. "ತುಂಬಾ ಹೋಮ್‌ವರ್ಕ್ ಇದೆ. ಸೋಮವಾರವೇ ಸ್ಕೂಲಿಗೆ ಕೊಡಬೇಕು."

"ಹೌದಾ? ಓದು ಮೊದಲು, ಲವ್," ಎಂದರು ರಾನ್. ಅವರ ಮುಖ ಹಗುರಾದದ್ದನ್ನು ನಾನು ಕಂಡೆ. ಪಾಸ್‌ಗಳನ್ನು ಜೇಬಿಗೆ ಹಾಕಿಕೊಂಡು ಮುಂದಿನ ಮನೆಯ ಗೇಟಿನ ಕಡೆ ನಡೆದರು.

ಸ್ಕೂಲುಗಳಿಗೆ ಈಸ್ಟರ್ ರಜೆ ಶುರುವಾಗಿ ವಾರವಾಗಿತ್ತು, ಅದು ಬಾಗಿಲಲ್ಲಿ ನಿಂತಿದ್ದ ಮೂವರಿಗೂ ಗೊತ್ತಿತ್ತು.