ಜೋಡಿಯಿಲ್ಲದ ಹಾಳೆ

ಅಥವಾ ಆ ಅಜ್ಜ ಹಾಳೆಗಳನ್ನು ಹಾಗೆ ಕುರಿಯಂತೆ ಎಣಿಸಲೇ ಇಲ್ಲವೇನೋ, ನಾನೇ ಆಮೇಲೆ ಸೇರಿಸಿಕೊಂಡೆನೇನೋ. ಹೊಳಲ್ಕೆರೆಯ ಆಡಿಟರ್ ಆಫೀಸಿನಲ್ಲಿ ನಾನು ಗುಮಾಸ್ತನಾಗಿದ್ದಾಗ ಕುರಿ ಕಾಯುವ ಆ ಅಜ್ಜ ಬರುತ್ತಿದ್ದರು. ಅವರ ಅಳಿಯನ ಕಂಬಳಿ ಕಂಪನಿಗೆ ಇಬ್ಬರು ಷೇರುದಾರರು ಬೇಕಿತ್ತು. ಎರಡನೆಯವರು ಇವರು. ಬಂದಾಗಲೆಲ್ಲ ಒಂದೇ ಮಾತು.

“ಮುಳುಗಿದ್ರೆ ನನ್ ಪಾಲು ಅಷ್ಟೇ ತಾನೆ ಹೋಗಾದು?”

“ಅಷ್ಟೇ ಅಜ್ಜ. ಮನೆ, ಕುರಿ ಯಾರೂ ಮುಟ್ಟಲ್ಲ.”

ಕಂಪನಿಗೆ ಬ್ಯಾಂಕ್ ಸಾಲ ಸಿಕ್ಕ ದಿನ, ಎಂಟು ಹಾಳೆಗೆ ಸಹಿ ಬೇಕು ಎಂದೆ. ಅವರು ದೊಡ್ಡಿಯ ಬಾಗಿಲಲ್ಲಿ ಕುರಿ ಎಣಿಸುವಂತೆ ಹಾಳೆಗಳನ್ನು ಎರಡೆರಡಾಗಿ ತಟ್ಟಿದರು. ಕೊನೆಗೆ ಒಂದು ಒಂಟಿಯಾಗಿ ಉಳಿಯಿತು.

“ಒಂದು ಹೆಚ್ಚೈತಲ್ಲಪ್ಪ.”

“ಕುರಿ ಹೆಚ್ಚಾದ್ರೆ ಬ್ಯಾಡ ಅಂತೀರಾ ಅಜ್ಜ?”

“ಕಮ್ಮಿಯಾದ್ರೆ ನಾವು ಹುಡುಕ್ತೀವಿ. ಹೆಚ್ಚಾದ್ರೆ ಯಾರೋ ಹುಡಿಕ್ಕಂಡ್ ಬರ್ತಾರೆ. ಅದೇ ಹೆದ್ರಿಕೆ.”

ನಕ್ಕು ಪೆನ್ನು ಕೊಟ್ಟೆ. ಸಹಿ ಹಾಕಿದರು.

ಕಂಪನಿ ಮುಚ್ಚಿದ ಮೇಲೆ ಬ್ಯಾಂಕಿನವರು ಅವರ ಮನೆಗೇ ನೋಟಿಸು ಅಂಟಿಸಿದರು. ಆ ಒಂಬತ್ತನೆಯ ಹಾಳೆ, ಕಂಪನಿಯ ಸಾಲಕ್ಕೆ ಅವರು ಸ್ವಂತವಾಗಿ ಕೊಟ್ಟ ಜಾಮೀನು. ಅದನ್ನು ಕಿತ್ತು ಹಿಡಿದು ನಮ್ಮ ಆಫೀಸಿಗೆ ಬಂದ ಅಜ್ಜ ಬೈಯಲಿಲ್ಲ.

“ನನ್ ಪಾಲು ಅಷ್ಟೇ ತಾನೆ?” ಎಂದರು.

ಈಗಲೂ ಬಸ್ಸಿಗೆ ಕಂಬಳಿ ಹೊದ್ದವರು ಹತ್ತಿದರೆ ನಾನು ಕಿಟಕಿಯತ್ತ ತಿರುಗುತ್ತೇನೆ. ಪೆನ್ನು ಕೊಡುವಾಗ ಆ ಹಾಳೆ ಏನೆಂದು ನನಗೆ ತಿಳಿದಿತ್ತೇ? ಗೊತ್ತಿಲ್ಲ.