ಅಯಸ್ಕಾಂತ ಹಿಡಿಯದ ಉಕ್ಕು

ಧಾರವಾಡ ಬಿಟ್ಟು ಗೋವಾಕ್ಕೆ ಬಂದು ಎಂಟು ತಿಂಗಳಾಗಿತ್ತು. ಪಣಜಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಪ್ರಯೋಗಾಲಯದಲ್ಲಿ ನನ್ನ ಕೆಲಸ ಇಷ್ಟೇ: ಮ್ಯಾಂಗನೀಸ್ ಹೆಚ್ಚಿರುವ ಉಕ್ಕಿನ ಸಣ್ಣ ಪಟ್ಟಿಗಳನ್ನು ಯಂತ್ರಕ್ಕೆ ಕಚ್ಚಿಸಿ, ತುಂಡಾಗುವವರೆಗೂ ಎಳೆಯುವುದು. ಎಳೆಯುವ ಮುಂಚೆ ಪಟ್ಟಿಗೆ ಅಯಸ್ಕಾಂತ ಅಂಟುತ್ತಿರಲಿಲ್ಲ. ಎಳೆದ ಮೇಲೆ ಟಕ್ಕನೆ ಅಂಟುತ್ತಿತ್ತು. ಎಳೆತಕ್ಕೆ ಒಳಗಿನ ಪರಮಾಣುಗಳು ತಮ್ಮ ಜೋಡಣೆಯನ್ನೇ ಬದಲಿಸಿ, ಇನ್ನೂ ಗಟ್ಟಿಯಾದ ಬೇರೊಂದು ರೂಪಕ್ಕೆ ಹೊರಳಿರುತ್ತಿದ್ದವು. ಪ್ರತಿ ಸಲವೂ ನನಗೆ ಖುಷಿಯಾಗುತ್ತಿತ್ತು. ಯಾರಿಗೆ ಹೇಳುವುದು? ಉಳಿದವರೆಲ್ಲ ಸಿಮೆಂಟ್ ಪರೀಕ್ಷೆಯವರು. ಮನೆಯೊಡತಿಗೆ ಕೊಂಕಣಿ ಬಿಟ್ಟು ಬೇರೆ ಬಾರದು. ಕೆಲವು ಭಾನುವಾರ ಬಾಯಿ ತೆರೆಯದೆಯೇ ಕಳೆದುಹೋಗುತ್ತಿದ್ದವು.

ಹೋಲಿಸಿ ನೋಡಲು ಹಳೆಯ ತರದ ಮ್ಯಾಂಗನೀಸ್ ಉಕ್ಕೂ ಬೇಕಿತ್ತು. ಕಲ್ಲು ಒಡೆಯುವ ಕ್ರಷರ್‌ಗಳ ದವಡೆಗೆ ಅದನ್ನೇ ಹಾಕುತ್ತಾರೆ. ಸಾವರ್ಡೆಯ ಹತ್ತಿರ ಒಂದು ಕ್ರಷರ್‌ನವರು ಸವೆದ ದವಡೆ ಕೊಡಲು ಒಪ್ಪಿದರು. ಗರಗಸ ಹಿಡಿದು ಬಸ್ ಹತ್ತಿದೆ. ಕ್ರಷರ್ ಅಂಗಳದಲ್ಲಿ ಕೂತು ದವಡೆಯ ಮೇಲೆ ಹತ್ತು ಸಲ ಎಳೆಯುವಷ್ಟರಲ್ಲಿ ಬ್ಲೇಡಿನ ಹಲ್ಲುಗಳು ನುಣ್ಣಗಾದವು. ಬೇಸರದಿಂದ ಕನ್ನಡದಲ್ಲೇ ಏನೋ ಗೊಣಗಿದೆ.

“ಅದು ಹಂಗ ಕೊಯ್ಯಾಕ ಬರಂಗಿಲ್ರಿ ಅಕ್ಕಾರ. ತಿಕ್ಕಿದಷ್ಟೂ ಬಿರಸ ಆಕ್ಕೈತಿ,” ಎಂದರು ಯಾರೋ ಹಿಂದಿನಿಂದ.

ಅರವತ್ತರ ಹತ್ತಿರದ ವೆಲ್ಡರ್. ಮುದ್ದೇಬಿಹಾಳದ ಕಡೆಯವರು. ಗ್ರೈಂಡರ್ ತಂದು, ಸ್ವಲ್ಪ ಕೊಯ್ದು ನಿಲ್ಲಿಸಿ, ನೀರು ಸುರಿದು, ಅಂಗೈಯಿಟ್ಟು ನೋಡಿ ಮತ್ತೆ ಕೊಯ್ದರು. “ಭಾಳ ಕಾಸಿದ್ರ ಕೆಡತೈತ್ರಿ. ಆಮ್ಯಾಲ ಗಾಜಿನಂಗ ಒಡೀತೈತಿ.”

ತುಂಡಿನ ಸವೆದ ಮುಖಕ್ಕೆ ಅಯಸ್ಕಾಂತ ಹಿಡಿದೆ. ಜಾರಿ ಬಿತ್ತು.

“ಅದಕ್ಕ ಎಂದೂ ಹಿಡಿಯಂಗಿಲ್ಲ. ಗುಜರಿಯವ್ರು ಹಂಗ ಗುರುತ ಹಿಡೀತಾರ. ಆದ್ರ ಕಲ್ಲಿನ ಪೆಟ್ಟು ತಿಂದು ಗಟ್ಟಿ ಆಗೋದು ಹೆಂಗ್ರಿ? ನಾ ಕೇಳಿದ್ರ ಇಲ್ಲಿ ಎಲ್ಲಾರೂ ನಗತಾರ.”

ನಾನು ನಗಲಿಲ್ಲ. ಕಲ್ಲುಪುಡಿಯ ಮೇಲೆ ಬೆರಳಿನಿಂದ, ಪರಮಾಣುಗಳಿಗೆ ಬದಲಾಗಿ, ಸಾಲುಸಾಲು ಚುಕ್ಕೆ ಇಟ್ಟೆ. ಪೆಟ್ಟು ಬಿದ್ದಾಗ ಕೆಲವು ಸಾಲುಗಳು ಓರೆಯಾಗಿ, ಪಕ್ಕದ ಸಾಲುಗಳ ಕನ್ನಡಿ ಬಿಂಬದಂತೆ ನಿಲ್ಲುತ್ತವೆ, ಅವುಗಳ ಅಂಚು ಗೋಡೆಯಾಗಿ ಉಳಿದ ಸಾಲುಗಳು ಜಾರದಂತೆ ತಡೆಯುತ್ತದೆ ಎಂದು ತೋರಿಸಿದೆ. “ನಾ ಲ್ಯಾಬಿನಾಗ ಎಳದು ನೋಡೋ ಪಟ್ಟಿಯೊಳಗ ಜೋಡಣಿನ ಬದಲಾಕ್ಕೈತಿ ಕಾಕಾ, ಅದಕ್ಕ ಅಯಸ್ಕಾಂತ ಹಿಡೀತೈತಿ. ಇದರಾಗ ಜೋಡಣಿ ಮೊದಲಿನದ, ಬರೇ ದಿಕ್ಕು ಬ್ಯಾರೆ.”

ಅವರು ಬಗ್ಗಿ ಮೇಲಿನ ಸಾಲಿನ ಚುಕ್ಕೆಗಳ ಮೇಲೆ ಬೆರಳಾಡಿಸಿದರು. “ಹಂಗಾರ ಪೆಟ್ಟು ಬಿದ್ದ ಮ್ಯಾಲಿನ ಪದರಷ್ಟ ಗಟ್ಟಿ. ಒಳಗ ಮೆತ್ತಗ. ಅದಕ್ಕ ಸೀಳಂಗಿಲ್ಲ ಅನ್ರಿ.”

“ಖರೇ ಅದ.”

ತಾವೇ ಬಡಿದ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡರು. ಎರಡು ಬಸ್ ತಪ್ಪುವವರೆಗೆ ಮಾತಾಡಿದೆ, ಬರೀ ಉಕ್ಕಿನ ಬಗ್ಗೆಯೇ. ಗಂಟಲು ಒರಟಾಗಿತ್ತು.

ಆ ತುಂಡನ್ನು ಉಜ್ಜಿ, ಆಮ್ಲ ಸವರಿ, ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಒಂದನ್ನೊಂದು ಕತ್ತರಿಸುವ ಸಣ್ಣ ಗೆರೆಗಳು ಕಂಡವು, ಕಲ್ಲುಪುಡಿಯ ಮೇಲೆ ನಾನು ಹೇಳಿದ್ದ ಆ ಗೋಡೆಗಳು. ಅದರ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಮೂರು ವಾರದ ನಂತರ ಸಾವರ್ಡೆಗೆ ಒಯ್ದೆ. ಮಳೆ ಹಿಡಿದು ಕ್ರಷರ್ ನಿಂತಿತ್ತು. ಕೆಲಸದವರೆಲ್ಲ ಊರಿಗೆ ಹೋದರು, ಯಾವಾಗ ಮರಳುತ್ತಾರೋ ಗೊತ್ತಿಲ್ಲ ಎಂದ ಕಾವಲುಗಾರ, ಹಿಂದಿಯಲ್ಲಿ. ನಾನು ಹುಡುಕುತ್ತಿದ್ದ ವೆಲ್ಡರ್ ಹೆಸರು ಕೇಳಿದ. ನನಗೆ ಗೊತ್ತಿರಲಿಲ್ಲ. ಫೋನ್ ನಂಬರನ್ನೂ ತೆಗೆದುಕೊಂಡಿರಲಿಲ್ಲ.

ಪ್ರಯೋಗಾಲಯದ ಹಿರಿಯರೊಬ್ಬರು ಚಿತ್ರ ನೋಡಿ, ಚೆನ್ನಾಗಿ ಬಂದಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ ಮುಂದೆ ಹೋದರು.

ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಹೋದೆ. ಬೇರೊಬ್ಬ ವೆಲ್ಡರ್ ಇದ್ದ. ಹಳಬರು ಬಂದರೆ ಕೊಡಿ ಎಂದು ಸುರುಳಿ ಸುತ್ತಿದ ಚಿತ್ರವನ್ನು ಅವನ ಕೈಗಿತ್ತೆ. ಅವನು ಅದನ್ನು ಬಿಚ್ಚದೆ, ಸಿಲಿಂಡರ್‌ಗಳ ಹಿಂದೆ ಒರಗಿಸಿಟ್ಟು, ಕೆಲಸಕ್ಕೆ ತಿರುಗಿದ. ನಾನು ಮೊದಲು ಬಂದ ಬಸ್ಸಿಗೇ ಮರಳಿದೆ.